ಕಾಳಿ ದಂಡೆಯಲ್ಲಿ ಎರಡು ದಿನ: ಮಂಗಟ್ಟೆಗಾಗಿ ಕಾದ ಮುಂಬಯಿ ಕನ್ನಡಿಗರು

ಮುಂಬಯಿಯ ಕೋಟೆ ಪ್ರದೇಶದಲ್ಲಿ, ಲಯನ್ ಗೇಟಿನ ಎದುರು ‘ಹಾರ್ನ್‌ಬಿಲ್ ಹೌಸ್’ ಎಂಬ ಕಟ್ಟಡವಿದೆ. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿ ಅದು. ಕೋಟೆಯ ಹೋಟೆಲುಗಳಲ್ಲಿ, ಬ್ಯಾಂಕುಗಳಲ್ಲಿ ದುಡಿದ ನಮ್ಮವರು ಅದೆಷ್ಟೋ ಮಂದಿ ನಿತ್ಯ ಆ ಕಟ್ಟಡದ ಮುಂದಿನಿಂದಲೇ ಹಾದುಹೋಗಿದ್ದಾರೆ. ಆದರೆ ಆ ಹೆಸರಿನ ಹಿಂದಿರುವ ಹಕ್ಕಿ ನಮ್ಮ ಕಾರವಾರದ್ದು ಎಂಬುದು ಎಷ್ಟು ಮಂದಿಗೆ ಗೊತ್ತು? 1894ರಲ್ಲಿ, ಮೂರು ತಿಂಗಳ ಮರಿಯಾಗಿದ್ದಾಗ ಕಾರವಾರದಿಂದ ಮುಂಬಯಿಗೆ ಬಂದ ಆ ದೊಡ್ಡ ಮಂಗಟ್ಟೆಗೆ ಆಂಗ್ಲರು ‘ವಿಲಿಯಂ’ ಎಂದು ಹೆಸರಿಟ್ಟರು. ಫಿಪ್ಸನ್ ಎಂಬ ಮದ್ಯ ವ್ಯಾಪಾರದ ಕಂಪೆನಿಯ ಕಚೇರಿಯಲ್ಲಿ, ಸೊಸೈಟಿಯ ಕಾರ್ಯ ನೋಡಿಕೊಳ್ಳುತ್ತಿದ್ದ ಮಿಲಾರ್ಡ್ ಅವರ ಕುರ್ಚಿಯ ಹಿಂದಿನ ಪಂಜರದಲ್ಲಿ 26 ವರ್ಷ ಬದುಕಿ 1920ರಲ್ಲಿ ಸತ್ತಿತು. ಒಮ್ಮೆ ಉರಿಯುತ್ತಿದ್ದ ಸಿಗಾರನ್ನೇ ನುಂಗಿ ಏನೂ ಆಗದಂತೆ ಕುಳಿತಿತ್ತಂತೆ! ಸೊಸೈಟಿಯ ಲಾಂಛನದಲ್ಲಿ ಇಂದಿಗೂ ಇರುವುದು ಅದೇ ಹಕ್ಕಿ.

ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರ ತನಕ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ಕರಾವಳಿಯವರ ಪಟ್ಟಿಯಲ್ಲಿ ವಿಲಿಯಂನನ್ನೂ ಸೇರಿಸಬಹುದೇನೋ. ಅದು ತಾನಾಗಿ ಬಂದದ್ದಲ್ಲ, ಅಷ್ಟೆ.

ಆ ಹಕ್ಕಿಯ ಬಳಗವನ್ನು ಅದರ ತವರಿನಲ್ಲೇ ಕಂಡು ಕ್ಯಾಮೆರಾದಲ್ಲಿ ಸೆರೆಹಿಡಿಯಬೇಕೆಂಬ ಆಸೆಯಿಂದ ಉಪನಗರದ ಕನ್ನಡ ಸಂಘವೊಂದರ ಛಾಯಾಗ್ರಹಣ ಬಳಗದ 14 ಮಂದಿ ಕಳೆದ ಮಾರ್ಚ್‌ನ ಒಂದು ವಾರಾಂತ್ಯ ದಾಂಡೇಲಿಗೆ ಹೋಗಿಬಂದರು. ಈ ಲೇಖಕನೂ ಅವರಲ್ಲೊಬ್ಬ. ಬಳಗವೆಂದರೆ ಎಲ್ಲರೂ ನುರಿತವರೆಂದು ತಿಳಿಯಬೇಡಿ. ಡೊಂಬಿವಲಿಯ ಇಬ್ಬರು ಗೃಹಿಣಿಯರು, ನೆರೂಲ್‌ನ ಒಬ್ಬ ಕಾಲೇಜು ವಿದ್ಯಾರ್ಥಿನಿ, ಠಾಣೆಯ ಮೂವರು ಕಂಪ್ಯೂಟರ್ ಕೆಲಸದ ಯುವಕರು, ಒಬ್ಬ ಹೋಟೆಲ್ ಉದ್ಯಮಿ, ರೀಲ್ ಹಾಕುವ ಕ್ಯಾಮೆರಾದ ಕಾಲದಿಂದಲೂ ಈ ಹವ್ಯಾಸ ಬಿಡದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಹೀಗೆ. ವಿದ್ಯಾರ್ಥಿನಿಯ ಕೈಯಲ್ಲಿದ್ದದ್ದು ಬರೀ ಮೊಬೈಲ್. ಅಧಿಕಾರಿಗಳ ಹೆಗಲಲ್ಲಿದ್ದದ್ದು ದಾದರ್‌ನಲ್ಲಿ ದಿನಬಾಡಿಗೆಗೆ ಪಡೆದ, ಚಿಕ್ಕ ಮಗುವಿನಷ್ಟು ಭಾರದ 600 ಎಂಎಂ ಲೆನ್ಸ್.

ಶುಕ್ರವಾರ ರಾತ್ರಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಬೆಳಗಾವಿಯಲ್ಲಿ ಇಳಿದು, ಖಾನಾಪುರ, ರಾಮನಗರದ ಮಾರ್ಗವಾಗಿ ಟೆಂಪೊದಲ್ಲಿ ಸಾಗಿದೆವು. ರಾಮನಗರ ಮೇಲ್ನೋಟಕ್ಕೆ ಹೆದ್ದಾರಿ ಬದಿಯ ಮಾಮೂಲಿ ಪೇಟೆ. ಆದರೆ ಅಲ್ಲಿನ ಅನೇಕ ಕುಟುಂಬಗಳ ಮೂಲ ಊರು ಈಗ ನೀರಿನಡಿಯಲ್ಲಿದೆ. ಕಾಳಿ ನದಿಗೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಾಗ ತಾಲೂಕು ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ಮುಳುಗಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಜನರಲ್ಲಿ ಬಹಳಷ್ಟು ಮಂದಿ ರಾಮನಗರಕ್ಕೆ ಬಂದರು. ನಮಗೆ ಗೈಡ್ ಆಗಿ ಬಂದ ಯುವಕನ ಅಜ್ಜನೂ ಹಾಗೆ ಬಂದವರೇ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ದಾಂಡೇಲಿಯ ಗಂಡುಕನ್ನಡ, ನಮ್ಮ ಟೆಂಪೊ ಚಾಲಕನೊಡನೆ ಮರಾಠಿ. ಮೂರನ್ನೂ ಆತ ಒಂದೇ ಉಸಿರಿನಲ್ಲಿ ಆಡಬಲ್ಲ. ಮುಂಬಯಿಯಲ್ಲಿ ನಾಲ್ಕು ಭಾಷೆ ಆಡುತ್ತೇವೆಂದು ಬೀಗುವ ನಮಗೆ ಅದೇನೂ ಹೊಸದಲ್ಲ, ಆದರೂ ಇಷ್ಟವಾಯಿತು.

ನದಿ ಏರುವ ಹೊತ್ತು

ದಾಂಡೇಲಿಯ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಗಳಿವೆ. ಖಾಸಗಿ ರೆಸಾರ್ಟು, ಹೋಂಸ್ಟೇಗಳಿಗಂತೂ ಲೆಕ್ಕವಿಲ್ಲ. ನಾವು ಇಳಿದದ್ದು ಕಾಳಿಗೆ ಅಂಟಿಕೊಂಡಂತಿರುವ ಒಂದು ಸಣ್ಣ ಲಾಡ್ಜ್‌ನಲ್ಲಿ. ಹೆಂಚಿನ ಮಾಡು, ಅಂಗಳದಾಚೆ ಬಿದಿರು, ಬಿದಿರಿನಾಚೆ ಬಂಡೆಗಳ ನಡುವೆ ಕಪ್ಪಗೆ ಹರಿಯುವ ನೀರು. ಬೆಳಿಗ್ಗೆ ಹನ್ನೊಂದಕ್ಕೆ ನೋಡಿದ ಬಂಡೆಗಳು ಊಟ ಮುಗಿಸಿ ಬರುವಷ್ಟರಲ್ಲಿ ಅರ್ಧ ಮುಳುಗಿದ್ದವು. ಮಳೆಯ ಸುಳಿವೇ ಇರಲಿಲ್ಲ! ಗೈಡ್ ನಕ್ಕ. “ಮ್ಯಾಲ ಕರೆಂಟ್ ಮಾಡಾಕತ್ತಾರ್ರೀ. ಅವರು ನೀರು ಬಿಟ್ಟಾಗ ನಮ್ಮ ಹೊಳಿ ತುಂಬತೈತಿ.” ಜೋಯಿಡಾ ತಾಲೂಕಿನ ದಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲು ಸೇರುವ ಕಾಳಿಯ ಉದ್ದ 184 ಕಿ.ಮೀ. ಅಷ್ಟರೊಳಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಕಟ್ಟೆಯ ಮೇಲೆ ಕಟ್ಟೆ. ಬೇಸಿಗೆಯಲ್ಲಿಯೂ ಇಲ್ಲಿ ರಾಫ್ಟಿಂಗ್ ನಡೆಯುವುದು ಈ ಬಿಡುಗಡೆಯ ನೀರಿನಿಂದಲೇ. ಹಾಗಾಗಿ ನೀರಿಗಿಳಿಯುವ ಉತ್ಸಾಹವಿದ್ದವರು ಸ್ಥಳೀಯರ ಮಾತು ಕೇಳದೆ ಬಂಡೆಯ ಮೇಲೆ ಟ್ರೈಪಾಡ್ ನಿಲ್ಲಿಸಬಾರದು. ಮೊಸಳೆಗಳೂ ಇವೆ.

ದಾಂಡೇಲಿ ಅಭಯಾರಣ್ಯ ಘೋಷಣೆಯಾದದ್ದು 1956ರಲ್ಲಿ. 2007ರಲ್ಲಿ ಅಣಶಿಯೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರೇ ಬಂತು. ಹುಲಿಯ ಹೆಸರಿದ್ದರೂ ಹುಲಿ ನೋಡಲು ಇಲ್ಲಿಗೆ ಬರುವವರು ಕಡಿಮೆ. ಕಾಡು ಅಷ್ಟು ದಟ್ಟ. ಶನಿವಾರ ಸಂಜೆ ಫಣಸೋಲಿಯಿಂದ ಹೊರಟ ಜೀಪಿನಲ್ಲಿ ನಮಗೆ ಸಿಕ್ಕಿದ್ದು ಒಂದು ಕಾಟಿಯ ಹಿಂಡು, ಚುಕ್ಕೆ ಜಿಂಕೆ, ದಾರಿಯುದ್ದಕ್ಕೂ ಕೆಂಪು ಧೂಳು. ಕೆಂದಳಿಲೊಂದು ಕೊಂಬೆಯಿಂದ ಕೊಂಬೆಗೆ ಜಿಗಿದಾಗ ಟೆಂಪೊ ಚಾಲಕ “ಅರೇ, ಶೇಕ್ರು!” ಎಂದು ಕೂಗಿದ. ಮಹಾರಾಷ್ಟ್ರದ ರಾಜ್ಯಪ್ರಾಣಿಯಲ್ಲವೇ, ಭೀಮಾಶಂಕರದಲ್ಲಿ ನೋಡಿದ್ದನಂತೆ. ಕರಿ ಚಿರತೆಗೆ ದಾಂಡೇಲಿ ಹೆಸರುವಾಸಿ. ನಮಗೆ ಅದರ ಬಾಲವೂ ಕಾಣಲಿಲ್ಲ.

ನಿಜವಾದ ಆಟ ಶುರುವಾದದ್ದು ಪೇಟೆಯ ಪಕ್ಕದ ಸರ್ಕಾರಿ ಟಿಂಬರ್ ಡಿಪೊದಲ್ಲಿ. ಇದು ವಿಚಿತ್ರವೆನಿಸಬಹುದು. ಕಡಿದ ಸಾಗುವಾನಿ ದಿಮ್ಮಿಗಳನ್ನು ಸಾಲಾಗಿ ಪೇರಿಸಿಟ್ಟ ಆ ಅಂಗಳದ ಸುತ್ತಲಿನ ಮರಗಳಿಗೇ ಸಂಜೆಯ ಹೊತ್ತು ಕಪ್ಪು-ಬಿಳಿ ಮಂಗಟ್ಟೆಗಳು ಗುಂಪು ಗುಂಪಾಗಿ ಬಂದು ಸೇರುತ್ತವೆ. ಈ ಕಾಡಿನಲ್ಲಿ ಮಂಗಟ್ಟೆಗಳ ನಾಲ್ಕು ಜಾತಿಗಳಿವೆ: ದೊಡ್ಡ ಮಂಗಟ್ಟೆ, ಮಲಬಾರಿನ ಕಪ್ಪು-ಬಿಳಿ ಮಂಗಟ್ಟೆ, ಮಲಬಾರಿನ ಬೂದು ಮಂಗಟ್ಟೆ ಮತ್ತು ಬಯಲು ಸೀಮೆಯಲ್ಲೂ ಕಾಣುವ ಸಾದಾ ಬೂದು ಮಂಗಟ್ಟೆ. ನಾಲ್ಕನ್ನೂ ಒಂದೇ ಕಡೆ ನೋಡಬಹುದಾದ ಸ್ಥಳಗಳು ದೇಶದಲ್ಲಿ ಹೆಚ್ಚಿಲ್ಲ. ಇವುಗಳಿಗಾಗಿಯೇ 2011ರಲ್ಲಿ 52.5 ಚದರ ಕಿ.ಮೀ. ಕಾಡನ್ನು ದಾಂಡೇಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು.

ಚಿತ್ರ ತೆಗೆಯುವವರಿಗೆ ಈ ಹಕ್ಕಿ ಒಂದು ಪರೀಕ್ಷೆ. ಮೈಯೆಲ್ಲ ಕಪ್ಪು, ಹೊಟ್ಟೆ ಮತ್ತು ಬಾಲದ ಅಂಚು ಅಚ್ಚ ಬಿಳಿ. ಕಪ್ಪು ಗರಿಯ ಹೊಳಪು ಬೇಕೆಂದು ಬೆಳಕು ಹೆಚ್ಚಿಸಿದರೆ ಬಿಳಿ ಸುಟ್ಟುಹೋಗುತ್ತದೆ, ಬಿಳಿ ಉಳಿಸಿಕೊಂಡರೆ ಉಳಿದದ್ದೆಲ್ಲ ಇದ್ದಿಲು. ಬಿಳಿಯನ್ನು ಉಳಿಸಿಕೊಳ್ಳಿ, ಕಪ್ಪನ್ನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಎತ್ತಿಕೊಳ್ಳಬಹುದು ಎಂದು ಅಧಿಕಾರಿಗಳು ಹೇಳಿಕೊಟ್ಟದ್ದನ್ನು ಗೃಹಿಣಿಯರಿಬ್ಬರೂ ಬೇಗ ಕಲಿತರು. ಹಾರುವಾಗ ಹಿಡಿಯಲು ಶಟರ್ 1/1600 ಸೆಕೆಂಡಿಗಾದರೂ ಇರಬೇಕು. ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ರೆಕ್ಕೆಯ ಬುಡದ ಗರಿಗಳ ಸಂದಿನಲ್ಲಿ ಗಾಳಿ ನುಗ್ಗಿ ‘ಹುಸ್ಸ್ ಹುಸ್ಸ್’ ಎಂದು ಹಳೇ ಉಗಿಬಂಡಿಯ ಹಾಗೆ ಸದ್ದು ಬರುತ್ತದೆ. ದೊಡ್ಡ ಮಂಗಟ್ಟೆಯದಾದರೆ ಬಹಳ ದೂರಕ್ಕೇ ಕೇಳುತ್ತದೆ. ಆ ಸಂಜೆ ಬೆಳಕು ಆರುವ ತನಕ ಹದಿನೆಂಟು ಹಕ್ಕಿ ಎಣಿಸಿದೆವು. ವಿದ್ಯಾರ್ಥಿನಿಯ ಮೊಬೈಲಿನಲ್ಲಿ ಮೂಡಿದ, ಸಾಲು ದಿಮ್ಮಿಗಳ ಮೇಲೆ ಹಾದುಹೋಗುವ ಮೂರು ಹಕ್ಕಿಗಳ ನೆರಳುಚಿತ್ರ ನಮ್ಮೆಲ್ಲರ ದೊಡ್ಡ ಲೆನ್ಸುಗಳ ಚಿತ್ರಗಳಿಗಿಂತ ಚೆನ್ನಾಗಿತ್ತು. ಇದನ್ನು ಒಪ್ಪಿಕೊಳ್ಳಲು ಕೆಲವರಿಗೆ ರಾತ್ರಿಯ ಊಟದ ತನಕ ಸಮಯ ಬೇಕಾಯಿತು.

ಗೋಡೆಯ ಹಿಂದಿನ ಬಾಣಂತಿ

ಭಾನುವಾರದ ಕಾರ್ಯಕ್ರಮ ಗೂಡು ನೋಡುವುದು. ಇಲ್ಲಿ ಮಂಗಟ್ಟೆಯ ಸಂಸಾರದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಈ ಹಕ್ಕಿ ಮರಕುಟಿಗನಂತೆ ತಾನೇ ಪೊಟರೆ ಕೊರೆಯಲಾರದು. ಹಳೆಯ ದೊಡ್ಡ ಮರದಲ್ಲಿ ತಾನಾಗಿ ಆದ ಪೊಟರೆಯೇ ಬೇಕು. ಅಂಥದ್ದು ಸಿಕ್ಕಿದರೆ ವರ್ಷ ವರ್ಷವೂ ಅಲ್ಲಿಗೇ ಬರುತ್ತದೆ. ಮರಿ ಮಾಡುವ ಕಾಲದಲ್ಲಿ ಹೆಣ್ಣು ಪೊಟರೆಯೊಳಗೆ ಹೊಕ್ಕು ತನ್ನ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಗಿಲನ್ನೇ ಮುಚ್ಚಿಕೊಂಡುಬಿಡುತ್ತದೆ. ಉಳಿಯುವುದು ಕೊಕ್ಕು ಹೊರಚಾಚುವಷ್ಟು ಸೀಳು ಮಾತ್ರ. ಒಳಗೆ ಕುಳಿತ ಹೆಣ್ಣಿನ ರೆಕ್ಕೆಯ ಗರಿಗಳೂ ಉದುರುತ್ತವೆ. ಅಂದರೆ ಬೇಕೆಂದರೂ ಹಾರಲಾಗದು. ಮೊಟ್ಟೆಗೆ ಕಾವು, ನಂತರ ಮರಿಯ ಆರೈಕೆ, ಎಲ್ಲವೂ ಆ ಕತ್ತಲೆಯಲ್ಲಿ. ಕಪ್ಪು-ಬಿಳಿ ಮಂಗಟ್ಟೆಯ ಹೆಣ್ಣು ಮರಿಗಳು ಬಲಿಯುವ ತನಕ ಹೊರಗೆ ಬರುವುದಿಲ್ಲ. ಅಷ್ಟು ದಿನ ತಾಯಿ-ಮಕ್ಕಳ ಹೊಟ್ಟೆ ಗಂಡಿನ ಮೇಲೆ. ಅದು ಅತ್ತಿ, ಬಸರಿ, ಆಲದ ಹಣ್ಣುಗಳನ್ನು ಗಂಟಲ ಚೀಲದಲ್ಲಿ ತುಂಬಿ ತಂದು, ಸೀಳಿನಲ್ಲಿ ಒಂದೊಂದಾಗಿ ಉಣಿಸುತ್ತದೆ. ದಾರಿಯಲ್ಲಿ ಗಂಡಿಗೆ ಏನಾದರೂ ಆದರೆ ಒಳಗಿನವರ ಗತಿ ಊಹಿಸಿಕೊಳ್ಳಿ.

ಲಾಡ್ಜ್‌ನಿಂದ ಅರ್ಧ ಗಂಟೆಯ ನಡಿಗೆ. ಊರಿನ ಅಂಚಿನಲ್ಲಿ, ಹೊಳೆಯ ಇಳಿಜಾರಿನಲ್ಲಿ ಒಂದು ಹಳೆಯ ತಾರೆ ಮರ. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ನಾವು ತಲುಪಿದಾಗ ಬೆಳಿಗ್ಗೆ ಏಳು ಗಂಟೆ. ಬೇರೊಂದು ವಸತಿಯಿಂದ ಬಂದ ಎಂಟು ಮಂದಿಯ ತಂಡವೊಂದು ಅದಾಗಲೇ ಮರದ ಬುಡಕ್ಕೆ ಹತ್ತಿರದಲ್ಲೇ ಟ್ರೈಪಾಡ್ ಹೂಡಿತ್ತು. ಕಾಡಿನ ಬಣ್ಣದ ಅಂಗಿ, ಟೋಪಿ, ಲೆನ್ಸಿಗೂ ಹೊದಿಕೆ. ಮಾತು ಮಾತ್ರ ಲೋಕಲ್ ಟ್ರೈನಿನ ಸ್ವರದಲ್ಲಿ. ಒಬ್ಬರು ಮೊಬೈಲಿನಲ್ಲಿ ಮಂಗಟ್ಟೆಯ ಕೂಗಿನ ಧ್ವನಿಮುದ್ರಣ ಹಾಕಿ ಮೇಲಕ್ಕೆ ಹಿಡಿದಿದ್ದರು.

ನಮ್ಮ ಗೈಡ್ ನೂರು ಮೀಟರಿಗೂ ಹಿಂದೆ, ಬಿದಿರು ಮೆಳೆಯ ಮರೆಯಲ್ಲಿ ನಮ್ಮನ್ನು ಕೂರಿಸಿ ಬೆರಳು ತೋರಿಸಿದ. ದೂರದ ಮತ್ತಿ ಮರದ ಒಣಕೊಂಬೆಯ ಮೇಲೆ ಗಂಡು ಹಕ್ಕಿ ಕುಳಿತಿತ್ತು. ದುರ್ಬೀನಿನಲ್ಲಿ ನೋಡಿದರೆ ಗಂಟಲು ಉಬ್ಬಿತ್ತು. ತುಂಬ ಹಣ್ಣು. ಅದು ಮರದತ್ತ ಒಮ್ಮೆ ಹಾರಿ, ಅರ್ಧ ದಾರಿಯಲ್ಲಿ ತಿರುಗಿ, ಮತ್ತೆ ಅದೇ ಕೊಂಬೆಗೆ ಬಂದು ಕುಳಿತಿತು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಹಾಗೆಯೇ. ನಲವತ್ತು ನಿಮಿಷ ಹೀಗೆ ಕಳೆದ ಮೇಲೆ ಹೊಳೆ ದಾಟಿ ಎತ್ತಲೋ ಹೋಗಿಬಿಟ್ಟಿತು. ಸೀಳಿನಲ್ಲಿ ಹೆಣ್ಣಿನ ಕೊಕ್ಕಿನ ತುದಿ ಹೊರಗೆ ಬಂದು ಒಳಗೆ ಹೋಗುವುದು ಕಾಣುತ್ತಿತ್ತು.

ಈ ಹೊತ್ತಿಗೆ ನಮ್ಮಲ್ಲೇ ಸಣ್ಣ ಜಟಾಪಟಿ. ನಿವೃತ್ತ ಅಧಿಕಾರಿಗಳಿಗೆ ಸಮಾಧಾನವಿಲ್ಲ. “ತಮ್ಮಾ, ಮೂರು ದಿನದ ಬಾಡಿಗೆ ಕೊಟ್ಟು ಈ ಲೆನ್ಸ್ ತಂದಿದ್ದೇನೆ. ಅವರು ಅಷ್ಟು ಮುಂದೆ ಇದ್ದಾರೆ. ನಾವು ಹತ್ತು ಹೆಜ್ಜೆ ಹೋದರೆ ಏನಾಗುತ್ತದೆ?” ಎಂದರು. ಗೈಡ್ ತಲೆ ಎತ್ತಲಿಲ್ಲ. “ಸರ್, ನಿಮಗ ಹತ್ತ್ ಹೆಜ್ಜಿ. ಒಳಗಿದ್ದಾಕಿಗಿ ಒಂದ್ ಹೊತ್ತಿನ ಊಟಾರಿ,” ಎಂದ. ಡೊಂಬಿವಲಿಯ ಅಕ್ಕ ಮೆಲ್ಲನೆ, “ನಮ್ಮ ಊರಿನಲ್ಲಿ ಬಾಣಂತಿ ಕೋಣೆಗೆ ಹೀಗೆ ಯಾರಾದರೂ ನುಗ್ಗಿದರೆ ಅಜ್ಜಿ ಪೊರಕೆ ಹಿಡಿಯುತ್ತಿದ್ದರು,” ಎಂದದ್ದಕ್ಕೆ ಎಲ್ಲರೂ ನಕ್ಕರು. ಅಧಿಕಾರಿಗಳೂ ನಕ್ಕು ಕುಳಿತರು.

ಗೈಡ್ ಎದ್ದು ಆ ತಂಡದ ಬಳಿಗೆ ಹೋದ. ಏನು ಹೇಳಿದನೋ ಕೇಳಿಸಲಿಲ್ಲ, ಉತ್ತರ ಮಾತ್ರ ನಮ್ಮ ತನಕ ಬಂತು: ದುಡ್ಡು ಕೊಟ್ಟು ಬಂದಿದ್ದೇವೆ, ನಿನ್ನದೇನು ಮರವೇ ಎಂಬ ಧಾಟಿಯಲ್ಲಿ. ಅವರನ್ನು ಕರೆತಂದ ಹುಡುಗ ನೆಲ ನೋಡುತ್ತ ನಿಂತಿದ್ದ. ನಮ್ಮವ ಹಿಂದಕ್ಕೆ ಬಂದು ಏನೂ ಆಗದವನಂತೆ ಕುಳಿತ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಹೇಳಿದ: “ಆ ಹುಡುಗಗ ಬೈದು ಪ್ರಯೋಜನ ಇಲ್ರಿ. ಹತ್ರ ಕರಕೊಂಡು ಹೋಗಲಿಲ್ಲಂದ್ರ ಮುಂದಿನ ವಾರ ಅವರು ಬ್ಯಾರೆ ಗೈಡ್ ಹುಡುಕ್ತಾರ. ನನಗೂ ಎರಡ್ಮೂರು ಗಿರಾಕಿ ಹಂಗ ಹೋಗ್ಯಾರ್ರಿ.”

ಇದು ಸಣ್ಣ ಮಾತಲ್ಲ. ಕಾಡಿನಂಚಿನ ಈ ಹುಡುಗರಿಗೆ ನವೆಂಬರಿನಿಂದ ಮೇ ತನಕದ ಸಂಪಾದನೆಯೇ ವರ್ಷದ ಸಂಪಾದನೆ. ನಗರದಿಂದ ಬರುವ ನಾವು ಕೊಡುವ ಹಣಕ್ಕೆ ಬದಲಾಗಿ ಏನು ಕೇಳುತ್ತೇವೆ ಎಂಬುದರ ಮೇಲೆ ಅವರು ಎಷ್ಟು ಹತ್ತಿರ ಕರೆದೊಯ್ಯುತ್ತಾರೆ ಎಂಬುದು ನಿಂತಿದೆ. ಗೈಡ್‌ಗಳಿಗೆ ತಿಳಿವಳಿಕೆ ಇಲ್ಲವೆಂದು ದೂರುವವರನ್ನು ನಮ್ಮ ಸಂಘಗಳ ಸಭೆಯಲ್ಲೂ ಕೇಳಿದ್ದೇನೆ. ನಾನು ಕಂಡ ಮಟ್ಟಿಗೆ ತಿಳಿವಳಿಕೆ ಅವರಲ್ಲಿ ಧಾರಾಳವಾಗಿದೆ. ಬೇಡ ಎನ್ನುವ ಧೈರ್ಯಕ್ಕೆ ಬೆಲೆ ತೆರಬೇಕಾಗುವುದೂ ಅವರೇ.

ಕಾನೂನು ಈ ವಿಷಯದಲ್ಲಿ ಮೆತ್ತಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥ ಕೋವಿಗೆ ಮಾತ್ರ ಸೀಮಿತವಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು ಕೂಡ ಅದರೊಳಗೆ ಬರುತ್ತದೆ. ಕ್ಯಾಮೆರಾ ಹಿಡಿದವರು ತಾವು ಬೇಟೆಗಾರರಲ್ಲ ಎಂದು ಹೇಳಿಕೊಳ್ಳುವ ಮುನ್ನ ಈ ವಾಕ್ಯವನ್ನೊಮ್ಮೆ ಓದುವುದು ಒಳ್ಳೆಯದು.

ಒಂಬತ್ತರ ಹೊತ್ತಿಗೆ ಬಿಸಿಲೇರಿತು, ಬೆಳಕು ಕೆಟ್ಟಿತೆಂದು ಆ ತಂಡ ಸಾಮಾನು ಕಟ್ಟಿಕೊಂಡು ಹೊರಟಿತು. ನಮ್ಮವರಲ್ಲಿ ನಾಲ್ಕು ಮಂದಿ ತಿಂಡಿಗೆಂದು ಲಾಡ್ಜ್‌ಗೆ ಮರಳಿದರು. ಉಳಿದ ಹತ್ತು ಮಂದಿ ಮೆಳೆಯ ಹಿಂದೆ ಚಕ್ಕುಲಿ, ಬಾಳೆಹಣ್ಣು ಹಂಚಿಕೊಂಡು ಕುಳಿತೆವು. ಇರುವೆ ಕಚ್ಚುತ್ತಿತ್ತು. ಬೆಳಕು ನಿಜಕ್ಕೂ ಕೆಟ್ಟಿತ್ತು. ಸುಮಾರು ಮೂವತ್ತೈದು ನಿಮಿಷದ ಮೇಲೆ ಮೊದಲು ರೆಕ್ಕೆಯ ಸದ್ದು, ಆಮೇಲೆ ಹಕ್ಕಿ. ಈ ಬಾರಿ ಮತ್ತಿ ಮರದಲ್ಲಿ ಒಂದೇ ನಿಮಿಷ ಕುಳಿತು ನೇರ ಪೊಟರೆಗೆ ಬಂತು. ತೊಗಟೆಗೆ ಕಾಲು ಕೊಟ್ಟು, ಬಾಲ ಒತ್ತಿ ನಿಂತು, ಕುತ್ತಿಗೆಯನ್ನು ಒಮ್ಮೆ ಅಲುಗಿಸಿ ಗಂಟಲಿನಿಂದ ಒಂದು ಹಣ್ಣನ್ನು ಕೊಕ್ಕಿನ ತುದಿಗೆ ತಂದಿತು. ಸೀಳಿನಿಂದ ಇನ್ನೊಂದು ಕೊಕ್ಕು ಹೊರಬಂದು ಅದನ್ನು ತೆಗೆದುಕೊಂಡಿತು. ಮತ್ತೊಂದು. ಮಗದೊಂದು. ಡೊಂಬಿವಲಿಯ ಅಕ್ಕ ಉಸಿರು ಬಿಗಿಹಿಡಿದು ಎಣಿಸುತ್ತಿದ್ದರು, ಇಪ್ಪತ್ತಮೂರಕ್ಕೆ ಲೆಕ್ಕ ತಪ್ಪಿತಂತೆ. ಕೊನೆಗೆ ಗಂಡು ಕೊಕ್ಕನ್ನು ತೊಗಟೆಗೆ ಒರೆಸಿ ಹೊರಟುಹೋಯಿತು. ಎಲ್ಲ ಸೇರಿ ನಾಲ್ಕೈದು ನಿಮಿಷ.

ಅಧಿಕಾರಿಗಳ 600 ಎಂಎಂ ಲೆನ್ಸಿನಲ್ಲೂ ಆ ದೂರಕ್ಕೆ ಹಕ್ಕಿ ಹೆಬ್ಬೆರಳಿನ ಉಗುರಿನಷ್ಟೇ ಬಂದಿತ್ತು. ಪರದೆಯನ್ನು ಎರಡು ಬಾರಿ ಹಿಗ್ಗಿಸಿ ನೋಡಿ, “ಕ್ರಾಪ್ ಮಾಡಿದರೆ ನಡೆದೀತು,” ಎಂದರು. ನಡೆಯಲಿಲ್ಲ ಎಂಬುದು ಮುಂಬಯಿಗೆ ಬಂದ ಮೇಲೆ ತಿಳಿಯಿತು. ಬಿಸಿಲಿನ ಝಳಕ್ಕೆ ಚಿತ್ರವೆಲ್ಲ ನೀರಿನಲ್ಲಿ ಕಂಡಂತೆ ಅಲುಗಿತ್ತು.

ಗೋಡೆಗೆ ಏರದ ಚಿತ್ರಗಳು

ಹಿಂತಿರುಗಿದ ಮೇಲೆ ಸಂಘದ ಸಭಾಗೃಹದಲ್ಲಿ ಪ್ರದರ್ಶನ ಏರ್ಪಡಿಸುವುದೆಂದು ಮೊದಲೇ ನಿಶ್ಚಯವಾಗಿತ್ತು. ಮೂವತ್ತು ಚಿತ್ರ ಆರಿಸಲು ಕುಳಿತಾಗ ಚರ್ಚೆ ಎರಡು ಗಂಟೆ ನಡೆಯಿತು. ಗೂಡಿನ ಚಿತ್ರ ಒಂದನ್ನೂ ಹಾಕುವುದು ಬೇಡವೆಂದು ಕೆಲವರ ವಾದ. ನಾವು ದೂರದಲ್ಲೇ ಕುಳಿತು ತೆಗೆದದ್ದಲ್ಲವೇ, ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಇದನ್ನೆಲ್ಲ ನೋಡುವುದು ಯಾವಾಗ ಎಂದು ಇಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಚಿತ್ರದ ಕೆಳಗೆ ದೂರ ಎಷ್ಟೆಂದು ಬರೆದರೂ ನೋಡಿದವನು ಕೇಳುವುದು ಒಂದೇ: ಈ ಮರ ಎಲ್ಲಿದೆ? ಕೊನೆಗೆ ಗೂಡಿನ ಚಿತ್ರಗಳನ್ನು ಬಿಟ್ಟೆವು. ನನಗೆ ಅದು ಸರಿಯೆನಿಸಿತು. ಬದಲಿಗೆ ಠಾಣೆಯ ಯುವಕನೊಬ್ಬ ತೆಗೆದ ಚಿತ್ರವೊಂದು ಬಾಗಿಲಿಗೆ ಎದುರಾದ ಗೋಡೆ ಏರಿತು. ಮೇಲೆ ಒಣಕೊಂಬೆಯಲ್ಲಿ ಗಂಟಲುಬ್ಬಿದ ಗಂಡು ಹಕ್ಕಿ, ಕೆಳಗೆ ಮೂಲೆಯಲ್ಲಿ ಮಸುಕಾಗಿ ಕಾಣುವ ಟ್ರೈಪಾಡುಗಳ ಸಾಲು. ಮುಖಗಳು ಕಾಣುವುದಿಲ್ಲ. ಹೆಚ್ಚು ಜನ ನಿಂತು ನೋಡಿದ್ದು ಅದನ್ನೇ, ಹೆಚ್ಚು ಪ್ರಶ್ನೆ ಬಂದದ್ದೂ ಅದರ ಬಗ್ಗೆಯೇ. ವಿದ್ಯಾರ್ಥಿನಿಯ ದಿಮ್ಮಿಗಳ ಚಿತ್ರಕ್ಕೆ ಎರಡನೇ ಸ್ಥಾನ ಎನ್ನಬಹುದು.

ಪ್ರದರ್ಶನದಲ್ಲಿ ಸೇರಿದ ಹಣದ ಒಂದು ಭಾಗದಿಂದ ಗೈಡ್‌ಗೆ ಒಂದು ಒಳ್ಳೆಯ ದುರ್ಬೀನು ಕಳುಹಿಸಲಾಯಿತು. ಆತನ ಬಳಿ ಇದ್ದದ್ದರ ಒಂದು ಗಾಜು ಒಡೆದಿತ್ತು. ಮೇ ಕೊನೆಯ ವಾರ ಬಳಗದ ಗುಂಪಿಗೆ ಆತನಿಂದ ಸಂದೇಶ ಬಂತು: ತಾಯಿ ಹೊರಗೆ ಬಂದಾಳ, ಮರಿ ಒಂದು ಕಂಡೈತಿ. ಎರಡಿದ್ದವೋ ಒಂದೇ ಇತ್ತೋ ಎಂದು ನಮ್ಮವರು ಕೇಳಿದ್ದಕ್ಕೆ, ಒಳಗಿನದು ಯಾರಿಗ್ಗೊತ್ತ್ರಿ ಎಂದಷ್ಟೇ ಉತ್ತರ.

ಹೋಗಬಯಸುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿ ತನಕ ಹವೆ ಹಿತ, ಹಕ್ಕಿಯೂ ಸಾಕಷ್ಟು. ಮಾರ್ಚ್ ನಂತರ ಸೆಕೆ. ಮಳೆಗಾಲದಲ್ಲಿ ಇಂಬಳ ಮತ್ತು ಧಾರಾಕಾರ ಮಳೆ, ಕ್ಯಾಮೆರಾಕ್ಕೆ ಕೆಲಸವಿಲ್ಲ. ರೈಲಿನಲ್ಲಿ ಬರುವವರು ಲೋಂಡಾ ಅಥವಾ ಅಳ್ನಾವರದಲ್ಲಿ ಇಳಿದರೆ ಅನುಕೂಲ. ಕೋಣೆ ಕಾಯ್ದಿರಿಸುವಾಗಲೇ ಗೂಡಿನ ಹತ್ತಿರ ಕರೆದೊಯ್ಯುವುದು ಬೇಡವೆಂದು ಹೇಳಿಬಿಟ್ಟರೆ ಅಲ್ಲಿನ ಹುಡುಗರಿಗೆ ಹಗುರವಾಗುತ್ತದೆ. ನಮ್ಮ ಬಳಗ ಬರುವ ಡಿಸೆಂಬರ್‌ನಲ್ಲಿ, ಗೂಡಿನ ಕಾಲವಲ್ಲದ ಹೊತ್ತಿನಲ್ಲಿ ಮತ್ತೊಮ್ಮೆ ಹೊರಡಲಿದೆ. ಕ್ಯಾಮೆರಾ ಇಲ್ಲದವರೂ ಬರಬಹುದು. ನಿವೃತ್ತ ಅಧಿಕಾರಿಗಳು ಈ ಬಾರಿ ಲೆನ್ಸ್ ಬಾಡಿಗೆಗೆ ತರುವುದಿಲ್ಲವಂತೆ, ಸ್ವಂತದ್ದನ್ನೇ ಕೊಳ್ಳುವ ಯೋಚನೆಯಲ್ಲಿದ್ದಾರೆ. ಮನೆಯವರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.